ಅತ್ತೆ ಬಾವಿಗೆ ಬಿಟ್ಟ ಕೊರಮೀನು ಮರಿಗಳು

ಮೊನ್ನೆ ಗುಂಡ್ಲುಪೇಟೆ ಸಂತೇಲಿ ಒಂದು ಪ್ಲಾಸ್ಟಿಕ್ ಟಬ್ಬಿನ ಮುಂದೆ ನಿಂತ್ಬುಟ್ಟೆ. ಒಳಗೆ ಕರ್ರಗಿನ ಮೀಸೆ ಮೀನು, ಒಂದರ ಮೇಲೊಂದು ಹೊರಳಾಡ್ತಿದ್ವು. ಆ ಕೆಸರು ವಾಸನೆ ಮೂಗಿಗೆ ಹೊಡೀತು ನೋಡಿ, ಪಕ್ಕದ್ಮನೆ ಅತ್ತೆ ಎದುರಿಗೆ ಬಂದಂಗಾಯ್ತು.

ಸ್ವಂತ ಅತ್ತೆ ಅಲ್ಲ. ನಮ್ಮೂರ ಕೆರೇಲಿ ಬಲೆ ಬಿಟ್ಟು ಮೀನು ಮಾರ್ತಿದ್ದೋಳು. ಬಾಯಿ ಜೋರು, ಆದ್ರೆ ಹಾವಿನಂಥ ತಲೆಯ ಕೊರಮೀನಿನ ವಿಷ್ಯಕ್ಕೆ ಬಂದ್ರೆ ಭಾರಿ ನೇಮ. ಅದರ ಮರಿಗಳು ನೀರ ಮೇಲೆ ಕೆಂಪಗೆ ಮುದ್ದೆ ಥರ ತೇಲ್ತವೆ, ಅಪ್ಪ ಅವ್ವ ಎರಡೂ ಕೆಳಗೆ ಕಾವಲು. ಆಗ ಗಾಳ ತೋರಿಸಿದ್ರೆ ಸಾಕು, ಸಿಟ್ಟಿಗೇ ಕಚ್ಚಿಬಿಡ್ತವೆ. ಅಷ್ಟು ಸುಲಭ ಅಂತಾನೇ ಹಿಡೀಬಾರ್ದು ಅನ್ನೋಳು. ಬಾಣ್ತಿ ಮನೆಗೆ ಕನ್ನ ಹಾಕ್ತೀಯೇನ್ಲಾ ಅಂತ ಬೈಯೋಳು.

ಒಂದ್ಸಲ ಕೆರೆ ಹರಾಜು ಹಿಡಿದೋನು ಈ ಮೀಸೆ ಮೀನು ತಂದು ಬಿಟ್ಟ. ಬೇಗ ದಪ್ಪ ಆಗ್ತವಂತೆ. ಒಂದೆರಡು ಮಳೆಗಾಲ ಕಳೀತು... ಬಲೇಲಿ ಬರೀ ಅವೇ. ಗೆಂಡೆ ಇಲ್ಲ, ಸಣ್ಮೀನಿಲ್ಲ. ಒಂದು ಬೆಳಿಗ್ಗೆ ಸೊಂಟದುದ್ದ ನೀರಲ್ಲಿ ನಿಂತಿದ್ದ ಅತ್ತೆ ಬಲೆ ಅಲ್ಲೇ ಬಿಟ್ಟು ದಡಕ್ಕೆ ಓಡ್ಬಂದ್ಳು. ಅವಳೆದುರಿಗೇ ಮರಿ ಮುದ್ದೆ ಕೆಳಗೆ ಮೀಸೆ ಬಾಯೊಂದು ತೆರೀತಂತೆ, ಅರ್ಧ ಮುದ್ದೆ ಮಾಯ.

"ಅಪ್ಪ ಅವ್ವ ಎರಡೂ ಕಾಣಾಕಿಲ್ಲ ಕಣ್ಲಾ. ಇವೇ ಕಡೇವು."

ಅಂಥಾ ಗಟ್ಟಿ ಹೆಂಗ್ಸು ಹೆದರಿದ್ದು ನಾನು ನೋಡಿದ್ದು ಅದೇ ಮೊದ್ಲು.

ಉಳಿದ ಮರಿಗಳ್ನ ಸೆರಗಲ್ಲಿ ಬಾಚಿ, ಬಿಂದಿಗೇಲಿ ತಂದು, ಹಿತ್ಲ ಬಾವಿಗೆ ಬಿಟ್ಳು. ಬೆಳೆದ್ಮೇಲೆ ಮತ್ತೆ ಕೆರೆಗೆ ಬುಡನ ಅಂದ್ಳು. ದಿನಾ ಗೆದ್ದಲು ಕೆದಕಿ ತಂದು ಹಾಕೋಳು. ಮೊದ್ಲು ನೀರೆಲ್ಲ ಮರಿ. ಆಮೇಲೆ ಕಮ್ಮಿ ಆಗ್ತಾ ಬಂದ್ವು... ಹಾವೋ ಹಕ್ಕಿಯೋ ಅಂತ ಬಾವಿ ಬಾಯಿಗೆ ಬಲೆ ಹೊದಿಸಿದ್ಳು. ಆದ್ರೂ ಕಮ್ಮಿ ಆದ್ವು. ಒಂದಿನ ಇಬ್ರೂ ಬಗ್ಗಿ ನೋಡ್ತಿದ್ವಿ. ಬೆರಳುದ್ದದ್ದೊಂದು ಪಕ್ಕದ್ದನ್ನೇ ನುಂಗ್ತು. ಬಾಲ ಇನ್ನೂ ಬಾಯಿಂದ ಆಚೆ ಒದ್ದಾಡ್ತಿತ್ತು.

"ಒಂದೇ ಒಟ್ಟೇಲಿ ಉಟ್ಟವು ಕಣ್ಲಾ ಇವು," ಅಂದ್ಳು. ಅವತ್ತಿಂದ ಆ ಬಾವಿ ಕಡೆ ತಲೆ ಹಾಕ್ಲಿಲ್ಲ.

ಅತ್ತೆ ತೀರ್ಕೊಂಡು ಎರಡು ವರ್ಷ ಆಗಿರ್ಬೇಕು. ಕೆರೇಲಿ ಕೊರಮೀನು ಕಂಡೋರಿಲ್ಲ ಅಂತಾರೆ ಊರೋರು. ಮೊನ್ನೆ ಸಂತೆಯಿಂದ ಸೀದಾ ಅವಳ ಹಿತ್ಲಿಗೆ ಹೋದೆ. ಬಾವಿ ನೀರು ಕಪ್ಪಗೆ, ಅಲುಗಾಟ ಇಲ್ಲ. ಹೊರಡ್ಬೇಕು ಅನ್ನೋಷ್ಟ್ರಲ್ಲಿ ತಳದಿಂದ ಏನೋ ಮೇಲೆ ಬಂತು, ನನ್ನ ತೋಳುದ್ದದ ಕೊರಮೀನು. ಗುಳುಕ್ ಅಂತ ಗಾಳಿ ನುಂಗಿ ಮುಳುಗ್ತು. ಅತ್ತೇ ಅಂತ ಕೂಗಕ್ಕೆ ಬಾಯಿ ತೆಗೆದೆ... ಯಾರಿಗೆ ಹೇಳ್ಳಿ? ಒಂದೇ ಉಳಿದದೆ ಅತ್ತೆ. ಕೆರೆಗೆ ಬುಟ್ರೂ ಅದಕ್ಕೆ ಜೊತೆ ಇಲ್ಲ.