ಕೆರಿಯಮ್ಮನ ಹೆಸರು ಹಿಡಿದು ಮಾಡಿದ ಪ್ರಾರ್ಥನೆ

ತೀರ್ಥಹಳ್ಳಿಯ ಟೈಲರ್ ದಾನಿಯೇಲಪ್ಪನ ಮಗಳು ಸರೋಜ ಸಾಗರಕ್ಕೆ ಬಂದಾಗ ಅವಳಿಗೆ ಹತ್ತೊಂಬತ್ತು ವರ್ಷ. ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಏಳುತ್ತಿದ್ದ ಕಾಲ ಅದು. ನೀರು ನಿಲ್ಲುವ ಜಾಗದ ಊರುಗಳೆಲ್ಲ ಗಂಟುಮೂಟೆ ಕಟ್ಟಿಕೊಂಡು ಹೊರಟಿದ್ದವು.

ಸಾಗರದ ಹೊರಗೆ ಕ್ರೈಸ್ತರು ನಡೆಸುತ್ತಿದ್ದ ಅನಾಥ ಮಕ್ಕಳ ಮನೆ ಒಂದಿತ್ತು. ಮಕ್ಕಳ ಸೇವೆ ಕಲಿಯಬೇಕು ಅನ್ನುವ ಕ್ರೈಸ್ತ ಹುಡುಗಿಯರನ್ನು ವರ್ಷಕ್ಕೆ ನಾಲ್ಕು ಜನರಂತೆ ಅಲ್ಲೇ ಇಟ್ಟುಕೊಂಡು ಕಲಿಸುತ್ತಿದ್ದರು. ಊರಿನ ಪಾದ್ರಿಗಳ ಕಾಗದ ಹಿಡಿದುಕೊಂಡು ಸರೋಜ ಹೋದಳು. ಒಂಬತ್ತು ವರ್ಷಕ್ಕೇ ತಾಯಿಯನ್ನು ಕಳೆದುಕೊಂಡವಳು. ತಾಯಿಯಿಲ್ಲದ ಮಕ್ಕಳ ಸಂಕಟ ತನಗೆ ಗೊತ್ತು, ಹೊಸದಾಗಿ ಕಲಿಯೋದು ಏನಿದೆ ಅಂತ ಅವಳ ಮನಸ್ಸಿನಲ್ಲಿತ್ತು.

ಕಲಿಯೋದು ಬೇಕಾದಷ್ಟಿತ್ತು. ಮೊದಲ ದಿನವೇ ಒಂದು ಮಗು ಅವಳ ಸೀರೆಗೆ ಮೂಗು ಒರೆಸಿತು, ಇನ್ನೊಂದು ಕೈ ಕಚ್ಚಿತು. ಅಡಿಗೆಯ ತಿಮ್ಮಣ್ಣ ನುಚ್ಚು ತೊಳೆಯುತ್ತಾ ನಕ್ಕ. "ಎಂತ ತಂಗೀ, ಕಚ್ಚೋ ಪಾಠ ಪುಸ್ತಕದಲ್ಲಿ ಬರ್ಲಿಲ್ವಾ ಇನ್ನೂ?"

"ನೀನು ಆ ಪಾಠ ಓದ್ಯೇ ಒಲೆ ಮುಂದೆ ಅಡಗಿ ಕೂತಿದ್ದೀಯ ಅಲ್ವಾ ತಿಮ್ಮಣ್ಣ" ಅಂದಳು ಸರೋಜ. ಅವತ್ತಿನಿಂದ ತಿಮ್ಮಣ್ಣ ಅವಳಿಗೆ ಗಂಜಿಯ ಜೊತೆ ಒಂದು ಮಿಡಿ ಉಪ್ಪಿನಕಾಯಿ ಹೆಚ್ಚಿಗೆ ಹಾಕುತ್ತಿದ್ದ.

ಮನೆಯ ಯಜಮಾನಿಕೆ ಪುಷ್ಪಮ್ಮನವರದು. ಮಾತು ಕಡಿಮೆ, ಕಣ್ಣು ಚುರುಕು. ಕಲಿಯುವ ಹುಡುಗಿಯರಿಗೆ ಅವರು ಒಂದು ಪದ್ಧತಿ ಇಟ್ಟಿದ್ದರು. ದೀಪ ಹಚ್ಚುವ ಹೊತ್ತಿಗೆ ಪ್ರಾರ್ಥನೆಗೆ ಕೂತಾಗ, ಒಬ್ಬೊಬ್ಬಳೂ ಒಂದೊಂದು ಮಗುವಿನ ಹೆಸರು ಹಿಡಿದು, ಅದಕ್ಕೆ ಏನು ಬೇಕೋ ಅದನ್ನು ಬಾಯಿಬಿಟ್ಟು ದೇವರ ಹತ್ತಿರ ಕೇಳಬೇಕು. 'ಎಲ್ಲರನ್ನೂ ಕಾಪಾಡು' ಅಂತ ತೇಲಿಸಿಬಿಡುವ ಹಾಗಿಲ್ಲ. "ಮಗುವಿನ ಕಿವಿ ಸೋರುತ್ತೆ ಅಂತ ನಿಮಗೆ ಗೊತ್ತಿಲ್ಲದಿದ್ರೆ ಪ್ರಾರ್ಥನೇಲಿ ಹ್ಯಾಗೆ ಬರುತ್ತೆ?" ಅನ್ನುತ್ತಿದ್ದರು. ಯಾರು ಮಕ್ಕಳನ್ನು ನೋಡಿದ್ದಾರೆ, ಯಾರು ಬರೀ ನೋಡಿದ ಹಾಗೆ ಮಾಡಿದ್ದಾರೆ ಅಂತ ಆ ಹೊತ್ತಿನಲ್ಲಿ ಅವರಿಗೆ ತಿಳಿದುಹೋಗುತ್ತಿತ್ತು.

ಸರೋಜಳ ಪಾಲಿಗೆ ಬಂದವಳು ಕೆರಿಯಮ್ಮ, ಆರು ವರ್ಷದವಳು. ಮುಳುಗಡೆಯ ಊರಿನ ಕಡೆಯ ಮಗು. 'ತಂದೆ ಇಲ್ಲ, ತಾಯಿ ಇಲ್ಲ' ಅಂತ ಅರ್ಜಿಯಲ್ಲಿ ಬರೆದಿತ್ತು. ಇಬ್ಬರೂ ಇಲ್ಲದ ಮಕ್ಕಳಿಗೆ ಮಾತ್ರ ಅಲ್ಲಿ ಜಾಗ. ಕರೆದು ತಂದು ಬಿಟ್ಟವಳು ಚಿಕ್ಕಮ್ಮ ಗುತ್ಯಮ್ಮ. ತಾಳಗುಪ್ಪದ ರಸ್ತೆಯಲ್ಲಿ ಜಲ್ಲಿ ಒಡೆಯುವ ಕೂಲಿ ಅವಳದು. ಪ್ರತಿ ಸಂತೆಯ ದಿನ ಬರುತ್ತಿದ್ದಳು, ಸೆರಗಿನಲ್ಲಿ ಸುಟ್ಟ ಹಲಸಿನ ಬೀಜ ಕಟ್ಟಿಕೊಂಡು. ಬಂದರೆ ಮಗು ಓಡಿಹೋಗುತ್ತಿರಲಿಲ್ಲ. ಕಂಬಕ್ಕೆ ಒರಗಿ ನಿಂತು, "ಚಿಕ್ಕಮ್ಮ ಬಂದ್ಲು" ಅಂತ ಪಾಠ ಒಪ್ಪಿಸಿದ ಹಾಗೆ ಹೇಳುತ್ತಿತ್ತು.

ಒಂದು ಸಂತೆಯ ದಿನ ಕೆರಿಯಮ್ಮನ ಅಂಗಾಲಿಗೆ ಮುಳ್ಳು ಹೊಕ್ಕಿತ್ತು. ಗುತ್ಯಮ್ಮ ಪಾದ ಮಡಿಲಲ್ಲಿಟ್ಟುಕೊಂಡು ಪಿನ್ನಿನಿಂದ ಬಗೆಯುತ್ತಿದ್ದಳು. ಸರೋಜ ಪಕ್ಕದಲ್ಲಿ ಬಿಸಿನೀರು ಹಿಡಿದು ನಿಂತಿದ್ದಳು. ಪಿನ್ನು ತುಸು ಆಳಕ್ಕೆ ಹೋಯಿತು.

"ಅವ್ವಾ, ಸಾಕವ್ವಾ!" ಅಂತ ಮಗು ಚೀರಿತು. ಚೀರಿದ್ದೇ ತನ್ನ ಬಾಯಿಯನ್ನು ತಾನೇ ಎರಡೂ ಕೈಯಿಂದ ಮುಚ್ಚಿಕೊಂಡಿತು.

ಆ ಮುಚ್ಚಿಕೊಂಡ ಕೈ ನೋಡಿ ಸರೋಜಳಿಗೆ ಎಲ್ಲ ಅರ್ಥವಾಯಿತು. ಗುತ್ಯಮ್ಮ ಅವಳ ಕಾಲು ಹಿಡಿಯಲು ಬಗ್ಗಿದಳು.

"ನಿನ್ನ ದಮ್ಮಯ್ಯ ತಂಗಿ, ಬಾಯಿ ಬಿಡಬೇಡ. ಹೊಸನಗರದ ಕಡೆ ಕಾಡಲ್ಲಿ ಜಮೀನು ಕೊಟ್ರು. ಮರ ಕಡಿಯಕ್ಕೆ ಹೋಗಿ ಇವಳ ಅಪ್ಪ ಅದರ ಅಡೀಲೇ ಸಿಕ್ಕಿ ಸತ್ತ. ಕಲ್ಲು ಒಡೆಯೋ ಜಾಗದಲ್ಲಿ ಗೋಣಿ ಕಟ್ಟಿಕೊಂಡು ಮಲಗ್ತೀನಿ ನಾನು. ಅಲ್ಲಿ ಈ ಹೆಣ್ಣು ಕೂಸನ್ನ ಹ್ಯಾಗೆ ಇಟ್ಟುಕೊಳ್ಳಲಿ? ಅವ್ವ ಇದ್ದರೆ ಸೇರಿಸಿಕೊಳ್ಳಲ್ಲ ಅಂದ್ರು. ಅದಕ್ಕೆ ನಾನೇ ಸತ್ತೆ ಅಂತ ಬರೆಸಿದೆ."

"ಯಾರಿಗೂ ಹೇಳಲ್ಲ ಅಕ್ಕಾ" ಅಂದಳು ಸರೋಜ. ಹೇಳುವಾಗ ಮನಸ್ಸಿನಲ್ಲಿ ಕಪಟವಿರಲಿಲ್ಲ.

ಆದರೆ ಹೊಟ್ಟೆಯೊಳಗೆ ಇಟ್ಟುಕೊಳ್ಳುವುದು ಕಷ್ಟವಾಯಿತು. ಮಗುವಿಗೆ ತಲೆ ಬಾಚುವಾಗ, ಅನ್ನ ಕಲಸುವಾಗ, ಬಿಸಿಲಿನಲ್ಲಿ ಸುತ್ತಿಗೆ ಹಿಡಿದ ಆ ಹೆಂಗಸೇ ಕಣ್ಣ ಮುಂದೆ. ಮೂರು ದಿನ ಪ್ರಾರ್ಥನೆಯಲ್ಲಿ ಕೆರಿಯಮ್ಮನ ಕಜ್ಜಿ, ಕೆರಿಯಮ್ಮನ ಕೆಮ್ಮು ಅಂತ ದಾಟಿಸಿದಳು. ನಾಲ್ಕನೆಯ ದಿನ ಮಳೆ ಹೊಡೆಯಿತು. ಗೋಣಿಯ ಕೆಳಗೆ ಮಲಗುವವಳು ಈಗ ಹ್ಯಾಗಿದ್ದಾಳೋ ಅಂತ ಯೋಚಿಸುತ್ತಲೇ ಸರೋಜ ಮೊಣಕಾಲೂರಿದಳು. ಕಣ್ಣು ಮುಚ್ಚಿದ ಮೇಲೆ ಸುತ್ತ ಯಾರಿದ್ದಾರೆ ಅನ್ನುವುದೇ ಮರೆಯಿತು.

"ಕರ್ತನೇ, ಕೆರಿಯಮ್ಮನನ್ನ ನೋಡು. ಕಲ್ಲು ಒಡೀತಿರೋ ಅವಳ ತಾಯಿಯ ಕೈಗೆ ಬಲ ಕೊಡು. ಅವಳನ್ನ ಈ ಮಳೇಲಿ ನೆನೆಸಬೇಡ."

ಆಮೆನ್ ಅಂದು ಕಣ್ಣು ಬಿಟ್ಟಳು. ಉಳಿದ ಮೂವರು ಹುಡುಗಿಯರೂ ಅವಳನ್ನೇ ನೋಡುತ್ತಿದ್ದರು. ಪುಷ್ಪಮ್ಮನವರು ಮಾತ್ರ ಚಾಪೆಯ ಅಂಚು ನೋಡುತ್ತಿದ್ದರು.

ಬೆಳಿಗ್ಗೆ ಕರೆದು ಕೂರಿಸಿಕೊಂಡರು. ಸರೋಜ ಅತ್ತಳು, ಬೇಡಿಕೊಂಡಳು. "ಗೊತ್ತಿಲ್ಲದ ಹಾಗೆ ಇದ್ದುಬಿಡಿ ಅಮ್ಮಾ."

"ನನ್ನೊಬ್ಬಳಿಗೆ ಗೊತ್ತಿದ್ದರೆ ಇದ್ದುಬಿಡ್ತಿದ್ದೆ. ನಾಲ್ಕು ಜನರ ಮುಂದೆ ಆಯ್ತು" ಅಂದರು ಪುಷ್ಪಮ್ಮ. "ಆನಂದಪುರದ ಹತ್ರ ಅಣ್ಣ ತಂಗಿ ಇಬ್ಬರು ಮಕ್ಕಳಿದ್ದಾರೆ. ಅಪ್ಪ ಅಮ್ಮ ಇಬ್ಬರೂ ವಾಂತಿಭೇದಿಗೆ ಹೋದರು. ಯಾರದೋ ದನದ ಕೊಟ್ಟಿಗೇಲಿ ಮಲಗ್ತಿದ್ದಾರೆ. ಜಾಗ ಇಲ್ಲ ಅಂತ ಎರಡು ಸಲ ತಿರುಗಿಸಿ ಕಳಿಸಿದ್ದೀನಿ. ಅವರಿಗೆ ಏನು ಹೇಳಲಿ?"

ಸರೋಜ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಮಗುವನ್ನ ಕರ್ಕೊಂಡು ಹೋಗು ಅಂತ ಗುತ್ಯಮ್ಮನಿಗೆ ನೀನೇ ಹೇಳು. ಕಲಿಯೋಕೆ ಬಂದವಳು, ಇದನ್ನೂ ಕಲಿ" ಅಂದರು. ಬೈದ ಹಾಗಿರಲಿಲ್ಲ.

ಸಂತೆಯ ದಿನ ಗುತ್ಯಮ್ಮ ಬಂದಳು. ಸರೋಜ ಗೇಟಿನ ಹತ್ತಿರವೇ ನಿಲ್ಲಿಸಿ ಎಲ್ಲ ಹೇಳಿದಳು, ಯಾವುದನ್ನೂ ಮುಚ್ಚಿಡದೆ. ಬಯ್ಯಲಿ, ಹೊಡೆಯಲಿ ಅಂತ ಕಾದಳು. ಗುತ್ಯಮ್ಮ ಸೆರಗಿನ ಹಲಸಿನ ಬೀಜದ ಗಂಟನ್ನು ಬಿಗಿಮಾಡಿಕೊಂಡಳು.

"ನಿಮ್ಮ ದೇವರಿಗೆ ಮೊದಲೇ ಗೊತ್ತಿರಲಿಲ್ವಾ ತಂಗಿ? ನೀನು ಕೂಗಿ ಹೇಳಬೇಕಿತ್ತಾ?" ಅಂತ ಕೇಳಿದಳು. ಅಷ್ಟೇ. ಮಗುವಿನ ಕೈ ಹಿಡಿದುಕೊಂಡು ನಡೆದಳು.

ಮಾರನೆಯ ವಾರ ಆನಂದಪುರದ ಇಬ್ಬರು ಮಕ್ಕಳು ಬಂದರು. ಒಂದೇ ಚಾಪೆಯಲ್ಲಿ ಇಬ್ಬರನ್ನೂ ಮಲಗಿಸಿದರು. ಸರೋಜ ಅವರಿಗೂ ತಲೆ ಬಾಚಿದಳು, ಹೇನು ತೆಗೆದಳು. ಆದರೂ ಸಂತೆಯ ದಿನ ಬಂದರೆ ಅವಳ ಕಣ್ಣು ಗೇಟಿನ ಕಡೆಗೇ.

ತಿಂಗಳು ಕಳೆದ ಮೇಲೆ ಅವಳು ಪುಷ್ಪಮ್ಮನವರ ಮುಂದೆ ನಿಂತಳು. "ತಾಯಿ ಇರೋ ಮಕ್ಕಳನ್ನ ಹಗಲು ಹೊತ್ತು ಯಾರಾದರೂ ನೋಡಿಕೊಳ್ಳಬೇಕಲ್ಲ ಅಮ್ಮಾ. ಜಲ್ಲಿ ಒಡೆಯೋ ಜಾಗಕ್ಕೆ ನಾನು ಹೋಗ್ತೀನಿ."

"ಅರ್ಧಕ್ಕೆ ಬಿಟ್ಟರೆ ಸರ್ಟಿಫಿಕೇಟು ಸಿಗಲ್ಲ. ಕೆಲಸವೂ ಸಿಗಲ್ಲ."

"ಸಿಗದಿದ್ದರೆ ಬೇಡ."

ಪುಷ್ಪಮ್ಮ ಎದ್ದು ಒಳಗೆ ಹೋದರು. ಒಂದು ಹಳೇ ಕಂಬಳಿ, ಗಾಯಕ್ಕೆ ಹಚ್ಚುವ ಟಿಂಚರಿನ ಒಂದು ಸೀಸೆ ತಂದು ಅವಳ ಕೈಗೆ ಕೊಟ್ಟರು.

ತಾಳಗುಪ್ಪದ ರಸ್ತೆಯ ಪಕ್ಕದ ಹೊನ್ನೆ ಮರದ ಕೆಳಗೆ ಸರೋಜ ಕಂಬಳಿ ಹಾಸಿದಳು. ಮೂರು ದಿನ ಯಾರೂ ಬರಲಿಲ್ಲ. ಆಮೇಲೆ ಒಬ್ಬಳು ಎಳೆಗೂಸು ತಂದು ಮಲಗಿಸಿದಳು, ಇನ್ನೊಬ್ಬಳು ಜ್ವರದ ಮಗು ಬಿಟ್ಟಳು. ವಾರದೊಳಗೆ ಎಂಟು ಮಕ್ಕಳಾದವು. ಮೂವತ್ತು ಮಾರು ದೂರದಲ್ಲಿ ಗುತ್ಯಮ್ಮನ ಕಲ್ಲಿನ ರಾಶಿ. ಅದರ ಪಕ್ಕ ಬಿಸಿಲಿನಲ್ಲಿ ಕೆರಿಯಮ್ಮ. ಸಣ್ಣ ಕಲ್ಲಿನ ಮೇಲೆ ಕಲ್ಲು ಕುಟ್ಟುತ್ತಾ ಮರದ ಕಡೆ ನೋಡುವುದು, ತಾಯಿ ಗದರಿದರೆ ತಲೆ ತಗ್ಗಿಸುವುದು. ಸರೋಜ ಕರೆಯಲಿಲ್ಲ. ಕರೆಯುವ ಬಾಯಿ ತನಗೆಲ್ಲಿದೆ ಅಂದುಕೊಂಡಳು.

ಒಂದು ಮಧ್ಯಾಹ್ನ ಮಗುವಿನ ಬೆರಳು ಕಲ್ಲಿನ ನಡುವೆ ಸಿಕ್ಕಿ ಜಜ್ಜಿತು. ಗುತ್ಯಮ್ಮ ಎತ್ತಿಕೊಂಡು ಮರದ ಕೆಳಗೆ ಬಂದಳು. ಕಂಬಳಿಯ ಮೇಲೆ ಕೂರಲಿಲ್ಲ, ನೆಲದ ಮೇಲೆ ಕೂತಳು. ಮಗಳನ್ನು ತೊಡೆಯಿಂದ ಇಳಿಸಲೂ ಇಲ್ಲ. ಸರೋಜ ಬೆರಳು ತೊಳೆದು, ಟಿಂಚರ್ ಹಚ್ಚಿ, ಬಟ್ಟೆ ಸುತ್ತಿದಳು. ಗುತ್ಯಮ್ಮ ಅದನ್ನೇ ನೋಡುತ್ತಿದ್ದಳು.

"ನಾಳೆ ಬಿಚ್ಚಿ ನೋಡಬೇಕಾ?"

"ಹೂಂ ಅಕ್ಕಾ. ಇವಳನ್ನ ಇಲ್ಲೇ ನೆರಳಲ್ಲಿ ಬಿಟ್ಟು ಹೋಗ್ತೀಯಾ?"

ಗುತ್ಯಮ್ಮ ಮಗಳನ್ನು ಸೊಂಟಕ್ಕೆ ಏರಿಸಿಕೊಂಡು ಎದ್ದಳು.

"ಬೇಡ. ನಾಳೆ ಕರ್ಕೊಂಡು ಬರ್ತೀನಿ. ನೀನು ಕಟ್ಟೋವರೆಗೆ ನಾನೂ ಕೂತಿರ್ತೀನಿ."