ಅಕ್ಕನಿಗೆ ಅವ್ವನಾದವಳು

ಅಮ್ಮಾಳು ಕೇಣಿಚಿರದಲ್ಲಿ ಬಸ್ಸಿಳಿದಾಗ ಮಂಜು ಇನ್ನೂ ಗದ್ದೆಗಳ ಮೇಲೆ ಮಲಗಿಯೇ ಇತ್ತು. ಅಕ್ಕ ಕಾರ್ತುವಿನ ಮನೆಯ ಏರುದಾರಿ ಅವಳ ಕಾಲಿಗೆ ಮರೆತಿರಲಿಲ್ಲ. ಆ ದಾರಿ ತುಳಿದು ಮಾತ್ರ ನಲವತ್ತು ವರ್ಷವಾಗಿತ್ತು.

ಆಗ ಅವಳು ಕೊಡಗಿಗೆ ಕಾಫಿ ಕುಯ್ಯಲು ಹೋಗಿದ್ದಳು. ಅವ್ವನಿಗೆ ಹುಷಾರಿಲ್ಲವೆಂದು ಸುದ್ದಿ ಬಂತು. ಅವ್ವನ ಕೆಮ್ಮು ಹೊಸದೇನಲ್ಲವಲ್ಲ, ಕುಯ್ಲು ಮುಗಿಸಿಕೊಂಡೇ ಹೋದರಾಯಿತು ಅಂದುಕೊಂಡಳು. ಹಾಡಿಯ ಮನೆಗೆ ಬರುವಷ್ಟರಲ್ಲಿ ಅವ್ವನನ್ನು ಮಣ್ಣು ಮಾಡಿ ಆಗಿತ್ತು. ಕಾರ್ತು ಬಾಗಿಲಲ್ಲೇ ನಿಂತು, "ಕೊನೇವರ್ಗೂ ನಿನ್ನೇ ಕರೀತಿದ್ಲು. ಇನ್ಯಾಕೆ ಬಂದೆ?" ಎಂದಳು. ಅಮ್ಮಾಳು ಗಂಟು ಕೂಡ ಇಳಿಸದೆ ತಿರುಗಿ ನಡೆದಳು. ಮೀನಂಗಡಿಯಲ್ಲಿ ಸಂಸಾರ ಹೂಡಿದಳು, ಮೊಮ್ಮಕ್ಕಳನ್ನು ಕಂಡಳು. ಆದರೂ ನಿದ್ದೆಯ ಅಂಚಿನಲ್ಲಿ ಯಾರೋ ಹೆಸರು ಹಿಡಿದು ಕರೆದಂತಾಗಿ ಕಣ್ಣು ತೆರೆಯುತ್ತಿದ್ದಳು.

ಈಗ ಕಾರ್ತುವಿನ ಸೊಸೆ ಅಂಬಿಳಿ ಫೋನ್ ಮಾಡಿದ್ದಳು. "ಚಿಕ್ಕವ್ವ, ಅತ್ತೆಗೆ ಮರೆವು ಜಾಸ್ತಿ ಆಯ್ತು. ಒಂದ್ಸಲ ಬನ್ನಿ."

ತಪ್ಪಾಯಿತು ಎನ್ನಬೇಕೆಂದೇ ಅಮ್ಮಾಳು ಬಂದಿದ್ದಳು.

ಜಗಲಿಯಲ್ಲಿ ಕಂಬಳಿ ಹೊದ್ದು ಕೂತಿದ್ದ ಕಾರ್ತು ಅವಳನ್ನು ಕಂಡು ಮಗುವಿನಂತೆ ಅರಳಿದಳು. "ಅವ್ವಾ, ಬಂದ್ಯಾ!"

ಅಮ್ಮಾಳು ಜಗಲಿ ಹತ್ತಿ ಪಕ್ಕದಲ್ಲಿ ಕೂತಳು. ಮಂಜಿನಲ್ಲಿ ಅಂಗಳದಾಚೆಯ ಮರಗಳು ಒಮ್ಮೆ ಇದ್ದವು, ಒಮ್ಮೆ ಇರಲಿಲ್ಲ. ಕಾರ್ತು ಅವಳ ತೊಡೆಯ ಮೇಲೆ ತಲೆಯಿಟ್ಟಳು. ಅಮ್ಮಾಳು ಆ ನರೆಗೂದಲಿನ ಸಿಕ್ಕು ಬಿಡಿಸತೊಡಗಿದಳು.

"ಅಮ್ಮಾಳು ಎಲ್ಲಿ ಅವ್ವಾ?"

"ಕೊಡಗಿಗೆ ಹೋಗವ್ಳೆ."

"ಬರ್ತಾಳೆ. ಬಂದ್ರೆ ಬೈಬ್ಯಾಡ. ಪಾಪ, ದಾರಿ ದೂರ, ನಡ್ದು ನಡ್ದು ಕಾಲು ನೊಂದಿರ್ತದೆ."

ಅಮ್ಮಾಳುವಿನ ಬೆರಳು ಕೂದಲಲ್ಲೇ ನಿಂತವು.

"ಬೈಯಲ್ಲ ಮಗ್ಳೇ," ಎಂದಳು. "ನಾ ಯಾಕೆ ಬೈಲಿ ಅವ್ಳನ್ನ?"

ದನಿ ತನ್ನದೇ. ಆದರೆ ಕಿವಿಗೆ ಬಿದ್ದದ್ದು ಅವ್ವನದು. ಕಣ್ಣೀರು ಸದ್ದಿಲ್ಲದೆ ಇಳಿಯಿತು, ಒರೆಸಿಕೊಳ್ಳಬೇಕೆಂದೂ ಅನ್ನಿಸಲಿಲ್ಲ. ಹೇಳಲೆಂದು ಹೊತ್ತು ತಂದ ಮಾತು ಎದೆಯಲ್ಲೇ ಕರಗಿಹೋಯಿತು.

ಹಾಲಿಲ್ಲದ ಕಟ್ಟನ್ ಚಾಯ ತಂದ ಅಂಬಿಳಿ, "ಸಂಜೆ ಬಸ್ಸಿಗೆ ಹೊರಡ್ತೀರಾ ಚಿಕ್ಕವ್ವ?" ಎಂದು ಕೇಳಿದಳು.

"ಇಲ್ಲ ಕಣವ್ವ, ಇದ್ದೋಯ್ತೀನಿ."

ಇದ್ದೇಬಿಟ್ಟಳು. ಕೆಲವು ದಿನ ಅವಳು ಅವ್ವ, ಕೆಲವು ದಿನ ಯಾರೋ ನೆರೆಯವಳು. ಒಂದು ಮಧ್ಯಾಹ್ನ ಮಾತ್ರ ಕಾರ್ತು ಅವಳನ್ನು ದಿಟ್ಟಿಸಿ ನೋಡಿ, "ಇಷ್ಟ್ ಹೊತ್ತು ಮಾಡೋದೇನೇ ಅಮ್ಮಾಳು? ಗಂಜಿ ಆರೋಯ್ತು!" ಎಂದು ಗದರಿದಳು.

ಅಮ್ಮಾಳು ನಕ್ಕು, ಅಕ್ಕನ ಎದುರೇ ಕೂತು, ಆರಿದ ಗಂಜಿಯನ್ನು ಸವಿದು ಉಂಡಳು.