ರೂಟರ್‌ಗಾಗಿ ಇಡೀ ದಿನ ಕೂತವರು

ಅವರ ಬಲಗೈ ಹೆಬ್ಬೆರಳಿನ ಉಗುರು ಎಮ್ಮೆಯ ಕೊಂಬಿನಷ್ಟು ಗಟ್ಟಿ. ತುದಿಯಲ್ಲೊಂದು ಸಣ್ಣ ಕಚ್ಚು. ಆ ಕಚ್ಚಿಗೆ ವೈರ್ ಸಿಕ್ಕಿಸಿ ಒಮ್ಮೆ ಎಳೆದರೆ ಮೇಲಿನ ಸಿಪ್ಪೆ ಸುಲಿದು ತಾಮ್ರ ಹೊರಗೆ ಬರುತ್ತಿತ್ತು. ಟೆಲಿಫೋನ್ ಲೈನ್‌ಮನ್ ಆಗಿ ಹನೂರು, ರಾಮಾಪುರದ ಕಾಡಂಚಿನ ಕಂಬಗಳನ್ನೆಲ್ಲ ಹತ್ತಿಳಿದು ನಿವೃತ್ತರಾದವರು. ಯಳಂದೂರು ತಾಲ್ಲೂಕಿನ ಅಗರದಲ್ಲಿ ಮನೆ. ಮನೆಯಲ್ಲಿ ಕೂರಲಾರದೆ ದಿನಾ ಬಸ್ಸು ಹತ್ತಿ ಕೊಳ್ಳೇಗಾಲಕ್ಕೆ ಬಂದು ಅಂಗಡಿ, ಆಫೀಸುಗಳ ಇಂಟರ್ನೆಟ್ ಲೈನ್ ಸರಿಮಾಡುತ್ತಿದ್ದರು. ನಮಗೆಲ್ಲ ಅವರು ಲೈನ್‌ಮನ್ ಅಣ್ಣ.

ನನ್ನದು ಆನ್‌ಲೈನ್ ಅರ್ಜಿ ಹಾಕಿಕೊಡುವ ಆಫೀಸು. ಒಂದು ಮಳಿಗೆ, ನಾಲ್ಕು ಕಂಪ್ಯೂಟರ್, ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಜನ. ನಾನೋ ಹುಟ್ಟಾ ಅವಸರದವಳು; ಹಾಲು ಕಾಯುವವರೆಗೂ ಒಲೆ ಮುಂದೆ ನಿಲ್ಲಲಾರೆ. ಅಂಥವಳ ಎದುರಿಗೆ ಸ್ಕ್ರೀನಿನ ಮೇಲೆ ಆ ದರಿದ್ರ ಚಕ್ರ ಸುತ್ತುತ್ತಲೇ ಇದ್ದರೆ ಹೇಗಾಗಬೇಡ? ಒಂದೇ ವರ್ಷದಲ್ಲಿ ಎರಡು ರೂಟರ್ ಬದಲಾಯಿಸಿದ್ದೆ. ಮೂರನೆಯದು ಯಾವುದು ತರಲಿ ಎಂದು ಅಣ್ಣನನ್ನು ಕೇಳಿದೆ.

“ಈಗ್ಲೇ ಎಂಗೇಳದು? ಒಂದಿನ ಕುಂತು ನೋಡ್ತೀನಿ” ಎಂದರು.

ಕೂತೇಬಿಟ್ಟರು. ಬಾಗಿಲ ಪಕ್ಕ ಸ್ಟೂಲು ಎಳೆದುಕೊಂಡು, ತೊಡೆಯ ಮೇಲೆ ಕೈಚೀಲ ಇಟ್ಟುಕೊಂಡು, ಬೆಳಿಗ್ಗೆಯಿಂದ ಸಂಜೆವರೆಗೆ. ರೂಟರನ್ನು ಮುಟ್ಟಲೂ ಇಲ್ಲ. ಯಾರು ಬಂದರು, ಯಾರು ಫೋನ್ ತೆಗೆದರು, ಎಷ್ಟು ಹೊತ್ತು ನಿಂತರು ಎಂದಷ್ಟೇ ನೋಡಿದರು. ಹನೂರಿನ ಬಸ್ಸು ಬಂದಾಗ ಒಮ್ಮೆ, ಮಾದಪ್ಪನ ಬೆಟ್ಟದ ಬಸ್ಸು ಬಂದಾಗ ಇನ್ನೊಮ್ಮೆ ತಮ್ಮಷ್ಟಕ್ಕೆ ತಲೆಯಾಡಿಸಿದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

“ಏನಾದ್ರೂ ಗೊತ್ತಾಯ್ತಾ ಅಣ್ಣಾ?”

“ಗೊತ್ತಾಯ್ತಾ ಅದೆ ಕಣವ್ವ. ವಸಿ ತಡ್ಕ.”

ತಡೆದುಕೊಳ್ಳುವುದು ನನ್ನ ಜಾಯಮಾನದಲ್ಲೇ ಇಲ್ಲ. ಆವತ್ತು ಮನೆಗೆ ಹೋಗುವ ದಾರಿಯಲ್ಲೇ ಫೋನಿನಲ್ಲಿ ಆರು ಆಂಟೆನಾದ ದೊಡ್ಡ ರೂಟರ್ ಆರ್ಡರ್ ಮಾಡಿದೆ. ಅದು ಬಂದಾಗ ಅವರೇ ಕೂರಿಸಿಕೊಟ್ಟರು. ಬೇಜಾರು ತೋರಿಸಲಿಲ್ಲ. “ಕೊಂಬು ಏಸವೆ ಅಂತ ನೋಡ್ಬ್ಯಾಡ. ಒಂದೇ ಸಲಕ್ಕೆ ಏಸು ಜನನ ತಡೀತದೆ ಅಂತ ಕೇಳು” ಎಂದಷ್ಟೇ ಹೇಳಿ ಹೋದರು.

ಹತ್ತು ದಿನ ಎಲ್ಲ ಚೆನ್ನಾಗಿತ್ತು. ಹನ್ನೊಂದನೆಯ ದಿನ ನರ್ಸಿಂಗ್ ಕೋರ್ಸಿನ ಅರ್ಜಿಗೆ ಕೊನೆ ದಿನ. ಸಂಜೆ ಐದಕ್ಕೆ ಮುಗಿಯುತ್ತಿತ್ತು. ರಾಮಾಪುರದ ಕಡೆಯಿಂದ ತಾಯಿ ಮಗಳು ಬಂದಿದ್ದರು. ಎಲ್ಲ ತುಂಬಿಯಾಗಿತ್ತು, ಫೋಟೋ ಹೋಗಬೇಕಿತ್ತು. ನಾಲ್ಕೂಕಾಲಿಗೆ ಚಕ್ರ ಶುರುವಾಯಿತು. ರೂಟರ್ ಆಫ್ ಮಾಡಿದೆ, ಆನ್ ಮಾಡಿದೆ. ಬಂದ ಹಾಗೆ ಬಂದು ಮತ್ತೆ ನಿಂತಿತು. ಹುಡುಗಿ ದುಪಟ್ಟದ ತುದಿ ಕಚ್ಚಿಕೊಂಡು ಗಡಿಯಾರ ನೋಡುತ್ತಿದ್ದಳು.

“ಆಗಾಕಿಲ್ವ ಅಕ್ಕ? ಈ ವರ್ಸ ಸೇರ್ನಿಲ್ಲ ಅಂದ್ರೆ ಇವಳಪ್ಪ ಮದ್ವೆ ಮಾಡ್ಬುಡ್ತಾರೆ” ಎಂದು ತಾಯಿ ಮೆಲ್ಲಗೆ ಹೇಳಿದಳು.

ತಿರುಗಿ ನೋಡಿದೆ. ಒಳಗೆ ಹದಿನೈದು ಜನ, ಎಲ್ಲರ ಕೈಯಲ್ಲೂ ಫೋನು. ಪ್ರತಿಯೊಬ್ಬರೂ ಪಾಸ್‌ವರ್ಡ್ ಕೇಳುವ ಕಾಟ ತಪ್ಪಲಿ ಎಂದು ನಾನೇ ಅದನ್ನು ಬರೆದು ಗೋಡೆಗೆ ಅಂಟಿಸಿದ್ದೆ. ಎದ್ದು ಹೋಗಿ ಪರ್ರನೆ ಹರಿದು ಬಿಸಾಕಿದೆ. “ಎಲ್ರೂ ಆಚೆ ಹೋಗ್ರಿ!” ಎಂದು ಕಿರುಚಿದೆ. ಮೊಮ್ಮಗುವಿನ ಜೊತೆ ವಿಡಿಯೋದಲ್ಲಿ ಮಾತಾಡುತ್ತಿದ್ದ ಮುದುಕರೊಬ್ಬರು ಹೆದರಿ ಫೋನನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡರು.

ಟೀ ಕುಡಿಯಲು ಬಂದಿದ್ದ ಲೈನ್‌ಮನ್ ಅಣ್ಣ ಸ್ಟೂಲಿನಿಂದ ಎದ್ದರು. “ಅಪ್ಪಾ, ಅವ್ವಾ, ಯಾರೂ ಓಗ್ಬ್ಯಾಡಿ. ಒಂದರ್ಧ ಗಂಟೆ ನೆಟ್ ಆಫ್ ಮಾಡ್ಕಳಿ. ಒಂದು ಕೂಸಿನ ಅರ್ಜಿ ಓಗ್ಬೇಕು.” ಒಬ್ಬೊಬ್ಬರಾಗಿ ಎಲ್ಲರೂ ಆಫ್ ಮಾಡಿದರು. ಅಣ್ಣ ಚೀಲದಿಂದ ಉದ್ದನೆಯ ಕೇಬಲ್ ತೆಗೆದು, ಆ ಉಗುರಿನಿಂದಲೇ ಸುಲಿದು, ತುದಿಗೆ ಪಿನ್ ಕೂರಿಸಿ ರೂಟರಿನಿಂದ ನೇರವಾಗಿ ಆ ಕಂಪ್ಯೂಟರಿಗೆ ಸಿಕ್ಕಿಸಿದರು. ಐದಕ್ಕೆ ಒಂಬತ್ತು ನಿಮಿಷ ಇರುವಾಗ ಅರ್ಜಿ ಹೋಯಿತು. ತಾಯಿ ಅವರ ಕೈ ಹಿಡಿದುಕೊಂಡು ಅತ್ತಳು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಮರುದಿನ ನಾನೇ ಸ್ಟೂಲು ಹಾಕಿ, “ಎಷ್ಟು ದಿನ ಬೇಕಾದ್ರೂ ಕೂತ್ಕೊಳ್ಳಿ ಅಣ್ಣ” ಎಂದೆ. ಅವರು ನಕ್ಕರು. “ಆವತ್ತೇ ಎಲ್ಲ ನೋಡಾಯ್ತು. ನಿನ್ನ ಕಂಪ್ಯೂಟ್ರು ಎದ್ದು ಓಡಾಡ್ತವಾ? ಇಲ್ವಲ್ಲ. ಅವ್ಕೆಲ್ಲ ವೈರ್ ಎಳ್ದುಬುಡನ. ಬಸ್ಸಿಳ್ದು ಬತ್ತಾರಲ್ಲ, ಅವ್ರೂರಲ್ಲಿ ಸಿಗ್ನಲ್ ಇಲ್ಲ ಕಣವ್ವ. ಮಕ್ಕಳ ಮೊಕ ನೋಡಕೆ ಇಲ್ಲೀಗಂಟ ಬತ್ತಾರೆ. ಅವ್ರ್‌ನ ಓಡಿಸ್ಬ್ಯಾಡ.”

ಅವರು ಆರಿಸಿದ ರೂಟರ್ ನೋಡಲು ಏನೂ ಅಲ್ಲದ ಒಂದು ಕಪ್ಪು ಡಬ್ಬಿ. ಆದರೆ ಅದು ಆಫೀಸಿನ ಕೆಲಸಕ್ಕೆ ಒಂದು ದಾರಿ, ಬಂದವರಿಗೆ ಬೇರೆ ದಾರಿ ಮಾಡಿಕೊಡುತ್ತಿತ್ತು. ಎಷ್ಟೇ ಜನ ತುಂಬಿದರೂ ನಮ್ಮ ಅರ್ಜಿ ನಿಲ್ಲುತ್ತಿರಲಿಲ್ಲ. ಅಲ್ಲಿಯವರೆಗೆ ಕಬ್ಬಿಣದ ಬೀರುವಿನ ಹಿಂದೆ ಇದ್ದ ರೂಟರಿನ ಜಾಗವನ್ನೂ ಬದಲಾಯಿಸಿ, ಇದನ್ನು ಗೋಡೆಯ ಮೇಲೆ ಎತ್ತರದಲ್ಲಿ ಮಡಗಿದರು. ಕರೆಂಟ್ ಹೋದರೂ ನಡೆಯಲೆಂದು ಸಣ್ಣ ಬ್ಯಾಟರಿ ಕೊಟ್ಟರು. ಕೊನೆಗೆ ಹೊಸ ಪಾಸ್‌ವರ್ಡನ್ನು ತಮ್ಮ ದುಂಡನೆಯ ಅಕ್ಷರದಲ್ಲಿ ಬರೆದು, ಹಳೆಯದು ಇದ್ದ ಜಾಗದಲ್ಲೇ ಅಂಟಿಸಿದರು. “ಇದ ಅರೀಬ್ಯಾಡ” ಎಂದರು. ನಾನು ಇವತ್ತಿಗೂ ಹರಿದಿಲ್ಲ. ರೂಟರನ್ನೂ ಬದಲಾಯಿಸಿಲ್ಲ.

ಹೋದ ವರ್ಷ ಉಬ್ಬಸ ಹೆಚ್ಚಾಗಿ ಅವರು ಕೊಳ್ಳೇಗಾಲಕ್ಕೆ ಬರುವುದು ನಿಂತಿತು. ಒಂದು ದಿನ ಫೋನ್ ಮಾಡಿ, “ಒಂದ್ಸಲ ಬಂದು ಕುಂತಿದ್ದು ಓಗವ್ವ. ಕೆಲ್ಸ ಏನಿಲ್ಲ, ಸುಮ್ನೆ” ಎಂದರು. ನಾಳೆ, ನಾಡಿದ್ದು ಎಂದು ತಳ್ಳಿ, ಕೊನೆಗೊಂದು ಮಂಗಳವಾರ ಅಗರಕ್ಕೆ ಹೋದೆ. ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಪಕ್ಕದಲ್ಲಿ ನನಗೊಂದು ಸ್ಟೂಲು ಹಾಕಿಸಿದ್ದರು. ಆ ಉಗುರು ಇರಲಿಲ್ಲ. “ಮೈಗೆ ಗೀರ್ತದೆ ಅಂತ ಕತ್ತರ್ಸಾಕ್ಬುಟ್ರು” ಎಂದು ಹೆಬ್ಬೆರಳು ತೋರಿಸಿದರು. ಅಷ್ಟರಲ್ಲಿ ಆಫೀಸಿನಿಂದ ಫೋನ್ ಬಂತು. ಮತ್ತೆ ಬಂತು. ಮೂರನೆಯ ಸಲಕ್ಕೆ ಅವರೇ, “ಓಗವ್ವ, ಜನ ಕಾಯ್ತಿರ್ತಾರೆ” ಎಂದರು. ಎದ್ದೆ.

ಗುರುವಾರ ಅವರು ತೀರಿಕೊಂಡರು.

ಈಗ ಅಕ್ಕಪಕ್ಕದ ಅಂಗಡಿಯವರು, ನಿಮ್ಮ ನೆಟ್ ಮಾತ್ರ ನಿಲ್ಲೋದೇ ಇಲ್ವಲ್ಲ, ಯಾವ ರೂಟರ್ ಎಂದು ನನ್ನನ್ನೇ ಕೇಳುತ್ತಾರೆ. ಕಂಪನಿ ಯಾವುದಾದರೂ ಇರಲಿ, ಮೊದಲು ಬಾಗಿಲ ಹತ್ತಿರ ಸ್ಟೂಲು ಹಾಕಿಕೊಂಡು ಒಂದು ದಿನ ಸುಮ್ಮನೆ ಕೂತು ನೋಡಿ ಎನ್ನುತ್ತೇನೆ. ಅವರು ನಗುತ್ತಾರೆ. ಹೇಳುವುದು ಸುಲಭ. ಅಗರದಲ್ಲಿ ಅವರು ಹಾಕಿಸಿದ್ದ ಸ್ಟೂಲಿನ ಮೇಲೆ ನಾನು ಹತ್ತು ನಿಮಿಷವೂ ಕೂರಲಿಲ್ಲ.